ದಿಲ್ಶಾದ್ ಬೇಗಂಳ ಕೆಂಪು, ಹುಮನಾಬಾದಿನ ಶುದ್ಧ ನೀರು

ಬಸವಕಲ್ಯಾಣದ ಕಿಲ್ಲಾದ ಹಿಂದಿನ ಓಣಿಯಲ್ಲಿ ದಿಲ್ಶಾದ್ ಬೇಗಂಳ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಮನೆಯ ಮುಂದಿನ ಗಟಾರ ನೋಡಿದರೆ ಸಾಕಿತ್ತು. ಓಣಿಯ ಉಳಿದ ಗಟಾರಗಳೆಲ್ಲ ಪುರಸಭೆಯ ಕೃಪೆಯಿಂದ ಒಂದೇ ಕಪ್ಪು ಬಣ್ಣದಲ್ಲಿ ನಿಂತಿದ್ದರೆ, ಈಕೆಯದು ಮಾತ್ರ ಕೆಂಪಾಗಿ ಹರಿಯುತ್ತಿತ್ತು. ಹೊಸದಾಗಿ ವರ್ಗವಾಗಿ ಬಂದ ಪೇದೆಯೊಬ್ಬ ಒಮ್ಮೆ ಅದನ್ನು ಕಂಡು ಗಾಬರಿಯಿಂದ ಬಾಗಿಲು ಬಡಿದಿದ್ದ. ಒಳಗಿನಿಂದ ಮೊಣಕೈವರೆಗೆ ಕೆಂಪಾದ ಮುದುಕಿ ಹೊರಗೆ ಬಂದಾಗ ಅವನ ಕೈ ಲಾಠಿಗೆ ಹೋಯಿತು.

"ಖೂನ್ ಅಲ್ರಿ ಸಾಹೇಬ್ರ, ರುಮಾಲು," ಎಂದಳು ಆಕೆ. "ತಲಿಗೆ ಒಂದು ಬೇಕೇನು? ನಿಮ್ಮ ಟೊಪಗಿಕಿಂತ ಚೆಂದ ಕಾಣಸ್ತದ."

ಆಕೆ ಹುಟ್ಟಿದ್ದು ಮನ್ನಾಏಖೇಳ್ಳಿಯಲ್ಲಿ, ರಸ್ತೆ ಬದಿಯಲ್ಲಿ ಬಳೆ ಮಾರುವವನ ಮಗಳಾಗಿ. ಹದಿನೈದಕ್ಕೆ ಮದುವೆಯಾಗಿ ಕಲ್ಯಾಣದ ರಂಗರೇಜರ ಮನೆಗೆ ಬಂದಳು. ರಂಗರೇಜರೆಂದರೆ ಬಟ್ಟೆಗೆ ಬಣ್ಣ ಹಾಕುವವರು. ಅತ್ತೆಯ ಹೆಸರು ಸರ್ವರಿ; ಮಾತು ಕಡಿಮೆ, ಗದರಿಕೆ ಜಾಸ್ತಿ. ಮೊದಲ ದಿನವೇ ಸೊಸೆಯನ್ನು ಅಂಗಳದ ಬಾವಿಯ ಹತ್ತಿರ ನಿಲ್ಲಿಸಿ, ಒಂದು ಬೊಗಸೆ ನೀರು ಕೊಟ್ಟು, "ಬಾಯಾಗ ಹಿಡಿ. ನುಂಗಬ್ಯಾಡ. ಈಗ ಹೇಳು, ನೀರು ಏನಂತದ?" ಎಂದು ಕೇಳಿದಳು.

"ನೀರು ಏನೂ ಅನ್ನಲ್ಲ ಅತ್ತಿ."

"ಹಂಗಾದ್ರ ನಿನ್ನ ನಾಲಗಿ ಇನ್ನ ಕಿವುಡ ಅದ."

ಆ ಕಿವುಡು ಬಿಡಲು ಮೂರು ವರ್ಷ ಹಿಡಿಯಿತು. ಬೇಸಿಗೆಯಲ್ಲಿ ಬಾವಿಯ ನೀರು ಸವಳಾಗುವುದು, ಹೊಸ ಮಳೆಯ ನೀರು ಸಪ್ಪಗಿರುವುದು, ತುಕ್ಕು ಹಿಡಿದ ಕೊಡದ ನೀರು ನಾಲಗೆಯ ಅಂಚಿನಲ್ಲಿ ಮೊಳೆ ಚೀಪಿದಂತಾಗುವುದು, ಎಲ್ಲವೂ ಕ್ರಮೇಣ ಕೇಳತೊಡಗಿತು. ಮೊಳೆಯ ರುಚಿ ಬಂದ ದಿನ ಆ ಮನೆಯಲ್ಲಿ ಕೆಂಪಿಗೆ ರಜೆ. ಏಕೆಂದರೆ ಅವರ ಕೆಂಪಿನ ದಾರಿ ಹೀಗಿತ್ತು: ಮೊದಲು ಬಟ್ಟೆಗೆ ಅಳಲೆಕಾಯಿಯ ಒಗರು ಕಷಾಯ ಕುಡಿಸಬೇಕು, ಆಮೇಲೆ ಪಟಿಕದ ನೀರು ಕುಡಿಸಬೇಕು, ಕೊನೆಗೆ ಮಂಜಿಷ್ಠದ ಬೇರಿನೊಂದಿಗೆ ನಿಧಾನಕ್ಕೆ ಕುದಿಸಬೇಕು. ಅಳಲೆ ಕುಡಿದ ಬಟ್ಟೆಗೆ ಎಲ್ಲಿಂದಾದರೂ ಒಂದಿಷ್ಟು ಕಬ್ಬಿಣ ತಗಲಿತೋ, ಬಟ್ಟೆ ಶಾಯಿಯಂತೆ ಕಪ್ಪಾಗಿ ಕೂರುತ್ತಿತ್ತು. ಆ ದಿನ ಕರಿ ಬಟ್ಟೆಯ ಕೆಲಸ ಮಾಡಿ, ಮರುದಿನ ಕೊಡ ಬದಲಿಸುತ್ತಿದ್ದರು. ಯಾರಿಗೂ ರಸಾಯನಶಾಸ್ತ್ರ ಗೊತ್ತಿರಲಿಲ್ಲ. ಆದ್ದರಿಂದ ತಪ್ಪು ಕಡಿಮೆ ಆಗುತ್ತಿತ್ತು.

ತೊಂಬತ್ತರ ದಶಕದ ಹೊತ್ತಿಗೆ ಪೊಟ್ಟಣದ ಬಣ್ಣ ಊರನ್ನೆಲ್ಲ ನುಂಗಿತು. ಮೂರು ದಿನದ ಕೆಂಪನ್ನು ಅದು ಮೂರು ನಿಮಿಷದಲ್ಲಿ ಕೊಡುತ್ತಿತ್ತು. ಒಂದು ಸಣ್ಣ ವ್ಯತ್ಯಾಸವೆಂದರೆ, ಮೆರವಣಿಗೆಯಲ್ಲಿ ನಾಲ್ಕು ಹನಿ ಬಿದ್ದರೆ ಮದುಮಗನ ಕಿವಿ, ಕುತ್ತಿಗೆ, ಬೆನ್ನು ಎಲ್ಲ ಕೆಂಪಾಗಿ ರುಮಾಲು ಮಾತ್ರ ಬಿಳಿಯಾಗುತ್ತಿತ್ತು. ಇಂಥ ಸಣ್ಣ ವಿಷಯಕ್ಕೆ ಜನ ತಲೆ ಕೆಡಿಸಿಕೊಳ್ಳುವುದಿಲ್ಲ. ದಿಲ್ಶಾದಳ ಗಂಡ ತೀರಿಕೊಂಡ, ಮೈದುನರು ಸಿದ್ಧ ಉಡುಪಿನ ಅಂಗಡಿ ಹಾಕಿದರು. ಈಕೆ ಮಾತ್ರ ಕೊಹಿನೂರು ಹಳ್ಳಿಯ ಕಡೆಯ ಕೆಲವು ಹಟಮಾರಿ ಮುದುಕರಿಗೆ ವರ್ಷಕ್ಕೆ ಹತ್ತೋ ಹನ್ನೆರಡೋ ರುಮಾಲು ಹಾಕಿಕೊಡುತ್ತ ಉಳಿದಳು. ಆ ಮುದುಕರು ಸತ್ತರೂ ರುಮಾಲಿನ ಬಣ್ಣ ಹೋಗುತ್ತಿರಲಿಲ್ಲ. ಮಕ್ಕಳು ಅದನ್ನೇ ಸುತ್ತಿಕೊಂಡು ತಿರುಗುತ್ತಿದ್ದರು. ಇಷ್ಟು ಗಟ್ಟಿ ಮಾಲು ಮಾಡಿದರೆ ವ್ಯಾಪಾರ ಎಲ್ಲಿಂದ ಬರಬೇಕು?

ಎರಡು ಸಾವಿರದ ಒಂದರಲ್ಲಿ ಹುಮನಾಬಾದಿನ ಮಹಾರುದ್ರಪ್ಪನವರಿಗೆ ಒಂದು ಬೆಳಿಗ್ಗೆ ನಿಸರ್ಗದ ಮೇಲೆ ಪ್ರೀತಿ ಹುಟ್ಟಿತು. ಅವರು ಪೇಟೆಯಲ್ಲಿ ಇಪ್ಪತ್ತು ವರ್ಷ ಪೊಟ್ಟಣದ ಬಣ್ಣದ ಸೀರೆ ಮಾರಿ ದೊಡ್ಡವರಾದವರು. ಅದೇ ವಾರ ಸಹಜ ಬಣ್ಣದ ತರಬೇತಿಗೆ ಅನುದಾನ ಕೊಡುವುದಾಗಿ ಸರ್ಕಾರ ಸಾರಿದ್ದು ಕೇವಲ ಯೋಗಾಯೋಗ. ಊರ ಹೊರಗೆ ತಗಡಿನ ಸೂರು ಎದ್ದಿತು. 'ಸಹಜ ಬಣ್ಣಗಾರಿಕೆ ತರಬೇತಿ ಕೇಂದ್ರ' ಎಂಬ ಫಲಕ ಏರಿತು. ಫಲಕಕ್ಕೆ ಹೊಡೆದದ್ದು ಡಬ್ಬಿಯ ಬಣ್ಣ. ಅಧ್ಯಕ್ಷರು ಮಹಾರುದ್ರಪ್ಪ. ತಾಂತ್ರಿಕ ಅಧಿಕಾರಿಯಾಗಿ ಸಂಜೀವಕುಮಾರನೆಂಬ ಹುಡುಗ ಬಂದ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ., ಕಡ್ಡಿ ಮೈ, ಜೇಬಿನಲ್ಲಿ ಮೂರು ಪೆನ್ನು, ಪುಸ್ತಕದ ಮೇಲೆ ಅಚಲ ನಂಬಿಕೆ. ಬಣ್ಣ ಹಾಕಲು ಬರುವವರು ಮಾತ್ರ ಯಾರೂ ಇರಲಿಲ್ಲವೆಂಬುದು ಉದ್ಘಾಟನೆಗೆ ಎರಡು ದಿನ ಮೊದಲು ನೆನಪಾಗಿ, ಕಲ್ಯಾಣದಿಂದ ದಿಲ್ಶಾದ್ ಬೇಗಂಳನ್ನು ಜೀಪಿನಲ್ಲಿ ಕರೆತಂದರು. ಆಕೆಗೆ 'ಉಸ್ತಾದ್' ಎಂಬ ಹೆಸರು, ಒಂದು ಬಿಳಿ ಏಪ್ರನ್, ಕಲಿಯಲು ಬಂದ ಹನ್ನೆರಡು ಹುಡುಗಿಯರು ಸಿಕ್ಕಿದರು. ಬಣ್ಣ ಹಾಕುವವರಿಗೆ ಬಿಳಿ ಏಪ್ರನ್ ಕೊಡುವುದು ಯಾರ ಬುದ್ಧಿಯೋ ತಿಳಿಯದು.

ಮೊದಲ ತಿಂಗಳು ಕೇಂದ್ರದ ಕೊಳವೆಬಾವಿಯ ನೀರು ಬಾಯಿಗೆ ಹಾಕಿದ ಕೂಡಲೇ ಆಕೆ ಉಗುಳಿದಳು.

"ಈ ನೀರಾಗ ಕಬ್ಬಿಣ ಅದ ಸಾಹೇಬ್ರ. ಕೆಂಪು ಬರಲ್ಲ."

ಸಂಜೀವಕುಮಾರ ನಕ್ಕ. ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿದ ಮೇಲೆ ಪರೀಕ್ಷೆ ಮಾಡಿ, ಪುಸ್ತಕ ತಿರುವಿ, ಕಣ್ಣರಳಿಸಿ ಬಂದ. "ಖಾಲಾ, ಖರೇನೇ ಕಬ್ಬಿಣ ಅದ! ನಾಲಗಿ ಅದನೋ ಲ್ಯಾಬ್ ಅದನೋ ನಿಮ್ಮದು?"

"ನಮ್ಮ ಮನಿ ಬಾವಿ ನೀರು ತರಸ್ರಿ. ಮಾತು ಮುಗೀತು."

ಇದನ್ನು ಕೇಳಿ ಮಹಾರುದ್ರಪ್ಪನವರಿಗೆ ನಗು ತಡೆಯಲಾಗಲಿಲ್ಲ. "ಬಾವಿ ನೀರಾ? ಬೂಬು, ಇದು ಯೋಜನಾ ಅದ. ಬಾವಿ ನೀರು ಹೊರೋದಕ್ಕ ಯೋಜನಾ ಯಾಕ ಬೇಕು? ಮಶೀನ್ ತರಸ್ತೀನಿ."

ಮಶೀನು ಬಂತು. ಆಳೆತ್ತರದ ನೀಲಿ ಪೀಪಾಯಿ, ಮೇಲೊಂದು ಗಡಿಯಾರದಂಥ ಮುಖ, ಪಕ್ಕದಲ್ಲಿ ಉಪ್ಪು ತುಂಬುವ ಡ್ರಮ್ಮು. ರಿಬ್ಬನ್ ಕತ್ತರಿಸಿದರು, ಕಲ್ಲು ಹಾಕಿಸಿದರು, ಅಧ್ಯಕ್ಷರ ಹೆಸರನ್ನು ಕಲ್ಲಿನಲ್ಲಿ ಮಶೀನಿನ ಹೆಸರಿಗಿಂತ ದಪ್ಪಗೆ ಕೆತ್ತಿಸಿದರು. ಪೀಪಾಯಿಯ ಹೊಟ್ಟೆಯಲ್ಲೇನಿದೆಯೆಂದು ದಿಲ್ಶಾದ್ ಕೇಳಿದಾಗ ಸಂಜೀವಕುಮಾರ ಅಂಗೈಯಲ್ಲಿ ಒಂದಿಷ್ಟು ಮಣಿಗಳನ್ನು ಸುರಿದು ತೋರಿಸಿದ. ಸಾಸಿವೆಗಿಂತ ಸಣ್ಣವು, ಜೇನಿನ ಬಣ್ಣದವು.

"ಇದು ಪ್ಲಾಸ್ಟಿಕ್ ಜಾತೀದು ಖಾಲಾ, ಕಾರ್ಖಾನ್ಯಾಗ ಮಾಡಿದ್ದು. ಒಂದೊಂದು ಮಣಿ ತುಂಬ ಸೀಟು ಅವ. ಉಪ್ಪಿನ ಸೋಡಿಯಂ ಆ ಸೀಟಿನ ಮ್ಯಾಲ ಟವಲ್ ಹಾಕಿ ಕುಂತದ. ನೀರಿನ್ಯಾಗಿನ ಕಬ್ಬಿಣ, ಕ್ಯಾಲ್ಸಿಯಂ ಬಂದ್ರ ಟವಲ್ ತಗದು ಒಗದು ತಾವು ಕೂಡ್ತಾವ. ನೀರು ಸ್ವಚ್ಛ ಆಗಿ ಹೊರಗ ಬರ್ತದ."

"ಸೀಟು ಎಲ್ಲಾ ತುಂಬಿದ ಮ್ಯಾಲ?"

"ಉಪ್ಪುನೀರು ಬಿಟ್ಟು ಎಲ್ಲಾರನ್ನೂ ಇಳಸ್ತೀವಿ. ಮತ್ತ ಟವಲ್ ಹಾಕ್ತೀವಿ."

"ನಮ್ಮ ಹುಮನಾಬಾದ್ ಬಸ್ಸೇ ಆತಲ್ರಿ ಇದು," ಎಂದಳು ದಿಲ್ಶಾದ್. ಆದರೆ ಒಳಗೊಳಗೇ ಆಕೆಗೆ ಮಣಿಗಳು ಹಿಡಿಸಿದ್ದವು. ಅಳಲೆಕಾಯಿ ಕಬ್ಬಿಣವನ್ನು ಹಿಡಿಯುವುದನ್ನು ಜನ್ಮವೆಲ್ಲ ಕಂಡವಳಿಗೆ, ಮನುಷ್ಯ ಮಾಡಿದ ಕಾಳೊಂದು ಅದೇ ಕೆಲಸ ಮಾಡುತ್ತದೆಂಬುದು ಸಣ್ಣ ಮಾತಾಗಿರಲಿಲ್ಲ.

ಮಶೀನಿನ ಜೊತೆಗೆ ಒಂದು ಬೋರ್ಡೂ ಬಂತು: 'ಪ್ರಯೋಗಾಲಯದಲ್ಲಿ ಯಾವುದೇ ದ್ರವವನ್ನು ಬಾಯಿಗೆ ಹಾಕಬಾರದು.' ಅದನ್ನು ಓದಿ ಹೇಳಿದವಳು ದುಬಲಗುಂಡಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ರೂಪಾಲಿ, ಹನ್ನೆರಡು ಹುಡುಗಿಯರಲ್ಲಿ ಚುರುಕಿನವಳು. ನಲವತ್ತು ವರ್ಷ ದಿನವೂ ನೀರು ಚಪ್ಪರಿಸಿದ್ದ ದಿಲ್ಶಾದ್ ಬೇಗಂ ಬೋರ್ಡಿಗೆ ಮರ್ಯಾದೆ ಕೊಟ್ಟು ಬಾಯಿ ಮುಚ್ಚಿಕೊಂಡಳು. ಏಪ್ರನ್ ಹಾಕಿಕೊಂಡವರು ಸರ್ಕಾರದ ಮಾತು ಕೇಳಬೇಕಾಗುತ್ತದೆ. ಆಕೆಯ ಬದುಕಿನ ಅತಿ ದೊಡ್ಡ ಮೂರ್ಖತನವನ್ನು ಆಕೆ ಮಾಡಿದ್ದು ಹೀಗೆ, ಪೂರ್ತಿ ವಿಧೇಯತೆಯಿಂದ.

ಅದೇ ಹೊತ್ತಿಗೆ ಪುಣೆಯ ಅಂಗಡಿಯೊಂದು ನೂರು ದುಪಟ್ಟಾ ಬೇಕೆಂದು ಬರೆಯಿತು. ದಿಲ್ಶಾದ್ ಮನೆಯಲ್ಲಿ ಹಾಕಿದ್ದ ಒಂದು ಕೆಂಪು ತುಂಡು ಅವರಿಗೆ ಹೋಗಿತ್ತು. ಅದೇ ಕೆಂಪು ಬೇಕು, ಮೊದಲು ಹತ್ತು ಕಳಿಸಿ, ಒಪ್ಪಿದರೆ ಉಳಿದದ್ದು ಎಂದಿತ್ತು ಪತ್ರ. ಮಶೀನಿನ ನೀರಿನಲ್ಲಿ ಮೊದಲ ಹತ್ತು ಬಿದ್ದವು. ಬೂದಿ ಬಣ್ಣ ಬರಲಿಲ್ಲ, ಕಬ್ಬಿಣದ ಕಾಟ ಹೋಗಿತ್ತು. ಆದರೆ ಕೆಂಪೂ ಬರಲಿಲ್ಲ. ಹಂಡೆಯಿಂದ ಎತ್ತಿ ಹಿಂಡಿದಾಗ ಹತ್ತೂ ದುಪಟ್ಟಾಗಳು ಮಳೆಯಲ್ಲಿ ನೆನೆದ ಇಟ್ಟಿಗೆಯಂತೆ ಕಂದಿ ನಿಂತಿದ್ದವು.

ಬುಧವಾರ ಮಹಾರುದ್ರಪ್ಪನವರು ಬಂದು ಹಗ್ಗದ ಮೇಲಿನ ಇಟ್ಟಿಗೆ ಸಾಲನ್ನು ನೋಡಿದರು. ಹನ್ನೆರಡು ಹುಡುಗಿಯರು ಕೇಳುವಂತೆಯೇ ಮಾತಾಡಿದರು.

"ನೀರು ಶುದ್ಧ ಅದ. ಪಟಿಕ ಸರ್ಕಾರದ್ದು. ಬಟ್ಟಿ ಹೊಸಾದು. ಇನ್ನ ಉಳದಿದ್ದು ಏನು? ಬೇರು. ಬೇರು ತಂದವ್ರು ಯಾರು? ನೀವು."

"ನಲವತ್ತು ವರ್ಷದಿಂದ ಒಬ್ಬನ ಹತ್ರಾನೇ ತರ್ತೀನಿ ಅಣ್ಣಾರ."

"ತರ್ತೀರಿ, ಹೌದು. ಆದ್ರ ಖರೇ ಬೇರು ಮನ್ಯಾಗ ಇಟ್ಕೊಂಡು ಕಟಗಿ ಚೂರು ಇಲ್ಲಿಗೆ ತಂದ್ರ ನಮಗೇನು ಮಾಲೂಮ್? ಮುಂದಿನ ಗುರುವಾರ ಪಾರ್ಸಲ್ ಹೋಗಬೇಕು. ಆ ಕೆಂಪು ಬರ್ಲಿಲ್ಲ ಅಂದ್ರ ಪುಣೆಗೂ ಬರೀತೀನಿ, ಬೀದರ್ ಆಫೀಸಿಗೂ ಬರೀತೀನಿ: ಉಸ್ತಾದ್ ಬೇರಿನ್ಯಾಗ ಕಲಬೆರಕಿ ಮಾಡ್ಯಾಳ ಅಂತ."

ದಿಲ್ಶಾದ್ ಬೇಗಂ ಬೇರಿನ ಚೀಲವನ್ನು ತನ್ನ ಕಡೆ ಎಳೆದುಕೊಂಡಳು. ಉಸ್ತಾದ್ ಪದವಿ ಹೋದರೆ ಹೋಗಲಿ, ಅದು ಜೀಪಿನಲ್ಲಿ ಬಂದದ್ದು, ಜೀಪಿನಲ್ಲೇ ಹೋಗುತ್ತದೆ. ಆದರೆ ಕಳ್ಳ ಬೇರು ಎಂಬ ಮಾತು ಒಮ್ಮೆ ಕಾಗದದ ಮೇಲೆ ಕೂತರೆ, ಕೊಹಿನೂರಿನ ಮುದುಕರ ತಲೆಯ ಮೇಲಿನ ರುಮಾಲುಗಳವರೆಗೆ ಎಲ್ಲವೂ ಅನುಮಾನದ ಮಾಲಾಗುತ್ತಿತ್ತು. ಸರ್ವರಿಯ ಕೆಂಪು, ಸರ್ವರಿಯ ಅತ್ತೆಯ ಕೆಂಪು, ಹೆಸರೂ ಉಳಿಯದ ಹಿಂದಿನವರ ಕೆಂಪು, ಎಲ್ಲವೂ. ಆ ಮನೆತನದ ಬಳಿ ಇದ್ದದ್ದು ಅದೊಂದೇ.

ಮೂರು ದಿನ ಆಕೆ ಬೇರಿನೊಂದಿಗೇ ಗುದ್ದಾಡಿದಳು. ಜಗಿದು ನೋಡಿದಳು, ಬೋರ್ಡಿಗೆ ಬೆನ್ನು ಮಾಡಿ ಜಗಿದಳು. ಬೇರು ಸರಿಯಾಗಿತ್ತು. ಆದರೂ ತನ್ನ ನಾಲಗೆಯ ಮೇಲೇ ನಂಬಿಕೆ ಹೋಗಿ, ಬೇರು ಎರಡು ಪಟ್ಟು ಹಾಕಿದಳು. ಇಟ್ಟಿಗೆ ಇನ್ನಷ್ಟು ಸುಟ್ಟ ಇಟ್ಟಿಗೆಯಾಯಿತು. ಪಟಿಕ ಹೆಚ್ಚಿಸಿದಳು. ಇಟ್ಟಿಗೆಗೆ ಹಳದಿ ಕಾಮಾಲೆ ಬಂತು. ಸಂಜೀವಕುಮಾರ ಪ್ರತಿಯೊಂದನ್ನೂ ತನ್ನ ಪುಸ್ತಕದಲ್ಲಿ ಅಂಕೆ ಸಂಖ್ಯೆ ಸಮೇತ ಬರೆದುಕೊಂಡ. ಸೋಲು ಇಷ್ಟು ಶಿಸ್ತಿನಿಂದ ಆ ಕೇಂದ್ರದಲ್ಲಿ ಹಿಂದೆಂದೂ ನಡೆದಿರಲಿಲ್ಲ.

ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಬೇಳೆ ಬಂತು. ಕೇಂದ್ರದ ಅಡುಗೆಯವನು ಮಡೆಪ್ಪ. ಸೌಟು ಹಿಡಿದರೆ ಪಟೇಲನಂತೆ ನಡೆಯುವವನು.

"ತಿನ್ನು ಖಾಲಾ, ಬೆಣ್ಣಿ ಆಗ್ಯಾದ ಬ್ಯಾಳಿ. ಕುಕ್ಕರ್‌ನ್ಯಾಗ ಒಂದೇ ಸೀಟಿ! ಮದಲೆಲ್ಲಾ ಏಳು ಸೀಟಿ ಹೊಡದ್ರೂ ತೊಗರಿ ಬ್ಯಾಳಿ ಕಣ್ಣು ಬಿಟ್ಟು ನನ್ನೇ ನೋಡ್ತಿತ್ತು. ಈಗ ಕೈ ಕುದುರ್ಯಾದ ನಂದು."

"ಯಾವಾಗಿಂದ ಕುದುರ್ಯಾದ ನಿನ್ನ ಕೈ?"

"ಎರಡು ವಾರ ಆತು."

ದಿಲ್ಶಾದಳ ತುತ್ತು ಬಾಯಿಯ ಹತ್ತಿರವೇ ನಿಂತಿತು. ಎರಡು ವಾರದ ಹಿಂದೆ ಮಡೆಪ್ಪನ ಕೈಗೆ ಏನೂ ಆಗಿರಲಿಲ್ಲ. ಮಶೀನಿನ ರಿಬ್ಬನ್ ಕತ್ತರಿಸಿದ್ದರು. ಆಕೆ ತಟ್ಟೆ ಬಿಟ್ಟು ಎದ್ದು ನಲ್ಲಿಯ ಹತ್ತಿರ ಹೋಗಿ, ಬೋರ್ಡಿನ ಕೆಳಗೇ ನಿಂತು, ಒಂದು ಬೊಗಸೆ ಮಶೀನಿನ ನೀರು ಬಾಯಿಗೆ ಹಾಕಿಕೊಂಡಳು. ಒಂದು ಗಳಿಗೆ ಹಿಡಿದು ಉಗುಳಿದಳು.

"ಏನಂತದ್ರಿ ಉಸ್ತಾದ್?" ರೂಪಾಲಿ ಮೆಲ್ಲಗೆ ಕೇಳಿದಳು.

"ಏನೂ ಅನ್ನಲ್ದು. ಮೂಕ ಅದ. ನೀರಿನ ಹಲ್ಲೆಲ್ಲಾ ಕಿತ್ತಾರ."

ಸಂಜೆ ಬಸ್ಸಿಗೆ ಒಂದು ಕ್ಯಾನು ಮಶೀನಿನ ನೀರು ಕಲ್ಯಾಣಕ್ಕೆ ಹೋಯಿತು. ಭಾನುವಾರ ಬೆಳಿಗ್ಗೆ ಆಕೆ ಎರಡು ಪಾತ್ರೆಯಲ್ಲಿ ಒಂದೇ ಚೀಲದ ಬೇಳೆ ಬೇಯಲಿಟ್ಟಳು. ಒಂದಕ್ಕೆ ಅಂಗಳದ ಬಾವಿಯ ನೀರು, ಒಂದಕ್ಕೆ ಕ್ಯಾನಿನದು. ಕ್ಯಾನಿನ ಬೇಳೆ ಕರಗಿ ಗಂಜಿಯಾಯಿತು. ಬಾವಿಯ ಬೇಳೆ ಎಂದಿನಂತೆ, ಕಲ್ಯಾಣದ ಸೊಸೆಯರೆಲ್ಲ ಜನ್ಮವಿಡೀ ಶಾಪ ಹಾಕಿದಂತೆ, ಕಾಳುಕಾಳಾಗಿ ಕೂತಿತ್ತು. ಬಾವಿಯ ನೀರಿನಲ್ಲಿ ಏನೋ ಒಂದು ಬೇಳೆಯ ಸೊಂಟವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಮಣಿಗಳು ಅದನ್ನು ಕಸಿದುಕೊಂಡಿವೆ. ಕೊಡದ ತಳದಲ್ಲಿ ಬಿಳಿ ಚಕ್ಕೆಯಾಗಿ ಕೂರುವುದೂ ಅದೇ. ಸುಣ್ಣ. ಬೇಳೆಯನ್ನು ಹಿಡಿಯುವ ಸುಣ್ಣ ಕೆಂಪನ್ನೂ ಹಿಡಿಯುತ್ತಿರಬೇಡವೇ?

ಬೇಳೆಯ ಒಲೆಯನ್ನು ಆರಿಸದೆಯೇ ಮೂರು ಚೊಂಬು ಇಟ್ಟಳು. ಮೂರಕ್ಕೂ ಒಂದೇ ತೂಕದ ಬೇರು, ಅಳಲೆ ಪಟಿಕ ಕುಡಿದ ಒಂದೇ ಬಟ್ಟೆಯ ಚೂರು. ಮೊದಲನೆಯದಕ್ಕೆ ಬಾವಿ ನೀರು, ಎರಡನೆಯದಕ್ಕೆ ಮಶೀನಿನ ನೀರು. ಮೂರನೆಯದಕ್ಕೂ ಮಶೀನಿನ ನೀರೇ, ಆದರೆ ತನ್ನ ಎಲೆ-ಅಡಿಕೆ ಡಬ್ಬಿಯಿಂದ ಉಗುರಿನ ತುದಿಯಷ್ಟು ಸುಣ್ಣ. ಮಧ್ಯಾಹ್ನದ ಹೊತ್ತಿಗೆ ಮೂರು ಚೂರು ಹಗ್ಗಕ್ಕೆ ಬಿದ್ದವು. ಮೊದಲನೆಯದು ಸರ್ವರಿಯ ಕೆಂಪು. ಎರಡನೆಯದು ಇಟ್ಟಿಗೆ. ಮೂರನೆಯದು ಕೆಂಪೇ, ಆದರೆ ಒಂದಿಷ್ಟು ಬದನೆಕಾಯಿಯ ಕಡೆಗೆ ವಾಲಿತ್ತು, ಸುಣ್ಣದ ಕೈ ಜಾಸ್ತಿಯಾಗಿ. ದಿಲ್ಶಾದ್ ಬೇಗಂ ಅಂಗಳದಲ್ಲಿ ಕೂತು ಮೊದಲ ಬಾರಿಗೆ ಅತ್ತಳು. ಆಮೇಲೆ ಬಾವಿಯ ಬೇಳೆಯನ್ನು ಉಪ್ಪು ಖಾರ ಹಾಕಿ ಹಾಗೇ ತಿಂದಳು.

ಸೋಮವಾರ ಮೂರು ಚೂರುಗಳನ್ನು ಮೇಜಿನ ಮೇಲೆ ಹರವಿದಾಗ ಸಂಜೀವಕುಮಾರ ಮೊದಲು ತಲೆಯಾಡಿಸಿದ.

"ಆಗಂಗಿಲ್ಲ ಖಾಲಾ. ಗಡಸು ನೀರು ಬಣ್ಣಕ್ಕ ಕೆಟ್ಟದ್ದು ಅಂತ ಪುಸ್ತಕದಾಗ ಅದ."

"ಪುಸ್ತಕ ನೀರಾಗ ಹಾಕಿ ಕುದಸ್ರಿ. ಯಾವ ಬಣ್ಣ ಬರ್ತದ ನೋಡೋಣು."

ಹುಡುಗ ಒಳ್ಳೆಯವನು; ಸಿಟ್ಟಾಗಲಿಲ್ಲ. ತಾನೇ ಮೂರು ಬೀಕರು ಇಟ್ಟ. ತನ್ನ ಕೈಯಲ್ಲೇ ಇಟ್ಟಿಗೆಯೂ ಕೆಂಪೂ ಬಂದಾಗ ಇನ್ನೊಂದು ದಪ್ಪ ಪುಸ್ತಕ ತೆಗೆದ. ಒಂದು ಗಂಟೆಯ ನಂತರ ಹೊರಗೆ ಬಂದಾಗ ಅವನ ಮುಖದಲ್ಲಿ ಸೋತವನ ಕಳೆಗಿಂತ ಮಿಠಾಯಿ ಸಿಕ್ಕವನ ಕಳೆಯೇ ಹೆಚ್ಚಿತ್ತು.

"ಸಿಕ್ತು ಖಾಲಾ! ಅಳಲಿಕಾಯಿ ಒಗರು ಅಂದ್ರ ಒಂದು ಆಮ್ಲ. ಮಂಜಿಷ್ಠದ ಕೆಂಪೂ ಆಮ್ಲದ ಗುಣದ್ದೇ. ಇವಕ್ಕ ಧಾತು ಕಂಡ್ರ ಬಿಡಂಗಿಲ್ಲ, ಎರಡೂ ಕೈಲೆ ಹಿಡೀತಾವ. ಕಬ್ಬಿಣ ಸಿಕ್ರ ಕಪ್ಪು. ಪಟಿಕದಾಗಿನ ಅಲ್ಯೂಮಿನಿಯಂ ಸಿಕ್ರ ಕೆಂಪಿನ ದಾರಿ ಹಿಡೀತದ. ಆದ್ರ ಅಲ್ಯೂಮಿನಿಯಂ ಒಂದೇ ಸಾಲಂಗಿಲ್ಲ. ಅದರ ಮಗ್ಗಲದಾಗ ಕ್ಯಾಲ್ಸಿಯಂ, ನಿಮ್ಮ ಸುಣ್ಣದಾಗಿಂದು, ಬಂದು ಕುಂತ್ರೇ ಕೆಂಪು ಪೂರಾ ಬೀಳ್ತದ, ಗಟ್ಟಿ ಆಗ್ತದ."

"ಮತ್ತ ಬ್ಯಾಳಿ?"

"ಬ್ಯಾಳಿಯೊಳಗೂ ಪೆಕ್ಟಿನ್ ಅಂತ ಒಂದು ಆಮ್ಲ ಅದ. ಅದನ್ನೂ ಕ್ಯಾಲ್ಸಿಯಂ ಹೊಲಿಗಿ ಹಾಕಿ ಬಿಗಿ ಮಾಡ್ತದ. ಅದಕ್ಕೇ ಬೇಯಲ್ಲ. ನಮ್ಮ ಮಣಿಗೂ ಆಮ್ಲದ ಕೈ ಇಟ್ಟೇ ಕಾರ್ಖಾನ್ಯಾಗ ಮಾಡಿರ್ತಾರ. ಅದು ಕಬ್ಬಿಣ ಹಿಡೀತು, ಭೇಷ್. ಜೊತಿಗೆ ಕ್ಯಾಲ್ಸಿಯಮ್ಮೂ ಹಿಡೀತು. ಮಣಿಗೆ ಏನು ಗೊತ್ತು ಯಾರು ಬೇಕಾದವ್ರು ಯಾರು ಬ್ಯಾಡಾದವ್ರು ಅಂತ?"

"ಮಣಿಗೆ ಗೊತ್ತಿಲ್ಲ ಅಂದ್ರ ನಡೀತದ," ಎಂದಳು ದಿಲ್ಶಾದ್. "ಮಣಿ ಎಂ.ಎಸ್ಸಿ. ಓದಿಲ್ಲ."

ಸಂಜೀವಕುಮಾರ ಕಿವಿಯವರೆಗೆ ಕೆಂಪಾದ. ಈ ಕೆಂಪಿಗೆ ಸುಣ್ಣ ಬೇಕಾಗಲಿಲ್ಲ.

ಮಂಗಳವಾರ ಸಂಗತಿ ಮಹಾರುದ್ರಪ್ಪನವರ ಕಿವಿಗೆ ಬಿತ್ತು. ಅವರು ಬಹಳ ಹೊತ್ತು ಮಶೀನಿನ ಕಲ್ಲನ್ನೂ ಕಲ್ಲಿನ ಮೇಲಿದ್ದ ತಮ್ಮ ಹೆಸರನ್ನೂ ನೋಡಿದರು. ಕಲ್ಲನ್ನು ಕೀಳಿಸುವಂತಿರಲಿಲ್ಲ. ಮಶೀನು ತಪ್ಪೆಂದು ವರದಿ ಬರೆಯುವಂತೆಯೂ ಇರಲಿಲ್ಲ. ಕೊನೆಗೆ ಅವರಿಗೆ ಹೊಳೆದ ಉಪಾಯ ಅವರ ಸ್ಥಾನಕ್ಕೆ ತಕ್ಕದ್ದಾಗಿತ್ತು: ಮಶೀನು ನೀರಿನ ಸುಣ್ಣವನ್ನು ತೆಗೆಯುತ್ತಲೇ ಇರಲಿ; ತೆಗೆದ ಮೇಲೆ ಹಾಕಲು ಸೀಮೆಸುಣ್ಣದ ಪುಡಿಯನ್ನು ಟೆಂಡರ್ ಕರೆದು ತರಿಸೋಣ; ಅದನ್ನು ಕಡತದಲ್ಲಿ 'ಗುಣವರ್ಧಕ' ಎಂದು ಬರೆಯೋಣ. ಟೆಂಡರಿಗೆ ಒಂದು ತಿಂಗಳು ಬೇಕೆಂದು ಗುಮಾಸ್ತ ನೆನಪಿಸಿದಾಗ, ಪಾರ್ಸಲ್ ಹೋಗಲು ಎರಡು ದಿನ ಉಳಿದಿದ್ದವು.

"ಆ ತನಕ ನಿಮ್ಮ ಬಾವಿ ನೀರೇ ತಂದು ಹಾಕ್ರಿ ಬೂಬು," ಎಂದರು, ದಾನ ಕೊಡುವವರ ದನಿಯಲ್ಲಿ.

ಬುಧವಾರ ಮುಂಜಾನೆ ಕಲ್ಯಾಣದ ಬಸ್ ನಿಲ್ದಾಣದಲ್ಲಿ ಆರು ಕ್ಯಾನು ಬಾವಿ ನೀರನ್ನು ಕಂಡು ಕಂಡಕ್ಟರ್ ತಗಾದೆ ತೆಗೆದ.

"ನೀರಿಗೆ ಲಗೇಜ್ ತೊಗೊಳ್ಳಬೇಕ್ರಿ. ಹುಮನಾಬಾದ್‌ನ್ಯಾಗ ನೀರಿಲ್ಲೇನು?"

"ಅದ ಅಪ್ಪಾ. ಬಾಳ ಶುದ್ಧ ಅದ. ಅದಕ್ಕೇ ಒಯ್ಯಾಕತ್ತೀನಿ."

ಕೇಂದ್ರದಲ್ಲಿ ಹಂಡೆ ತೊಳೆದಾಗಿತ್ತು. ಬೇರು ಕುಟ್ಟಿಟ್ಟಾಗಿತ್ತು. ಅಳಲೆ, ಪಟಿಕ ಆದ ಹತ್ತು ಹೊಸ ದುಪಟ್ಟಾಗಳು ಒದ್ದೆಯಾಗಿ ಕಾದಿದ್ದವು. ಸುತ್ತ ಹುಡುಗಿಯರು ನಿಂತಿದ್ದರು. ದಿಲ್ಶಾದ್ ಬೇಗಂ ನೀರು ಸುರಿಸಿದಳು, ಬಾಯಿಗೆ ಹಾಕಿ ನೋಡಿದಳು, ತಲೆಯಾಡಿಸಿದಳು. ಆಮೇಲೆ ಏಪ್ರನ್ ಬಿಚ್ಚಿ ಮಡಚಿಟ್ಟು, ಒಲೆಯ ಮುಂದೆ ಕೂತು ಕೈ ಕಟ್ಟಿದಳು.

"ಉರಿ ಹಚ್ರಿ ಬೂಬು," ಎಂದರು ಮಹಾರುದ್ರಪ್ಪ. "ನಾಳಿ ಮುಂಜಾನೆ ಪಾರ್ಸಲ್."

"ಹಚ್ತೀನಿ. ಮದಲ ನನ್ನ ಬೇರಿನ ಮಾತು ಮುಗಸ್ರಿ. ಎಲ್ಲಾರ ಮುಂದ ಆಡಿದ್ರಿ. ಎಲ್ಲಾರ ಮುಂದ ಬರದು ಗ್ವಾಡಿಗೆ ಹಚ್ರಿ."

"ಅಯ್ಯ, ಅದೇನು ದೊಡ್ಡ ಮಾತು! ಬಾಯಿ ಮಾತಿನ್ಯಾಗ ಅಂದಿದ್ದು."

"ಬಾಯಿ ಮಾತು ಕೊಹಿನೂರ ತನಕ ಹೋಗ್ಯಾದ. ನಿನ್ನೆ ಒಬ್ಬ ಮುದುಕ ರುಮಾಲು ಬಿಚ್ಚಿ ಕೈಯಾಗ ಹಿಡಕೊಂಡು ಕೇಳಲಿಕ್ಕೆ ಬಂದಿದ್ದ, ಇದು ಖರೇದೋ ಕಲಬೆರಕಿದೋ ಅಂತ. ಇಪ್ಪತ್ತು ವರ್ಷ ತಲಿ ಮ್ಯಾಲ ಇಟ್ಕೊಂಡಾವ."

ಮಹಾರುದ್ರಪ್ಪನವರು ಸಂಜೀವಕುಮಾರನ ಕಡೆ ನೋಡಿದರು. ಅವನು ಮೂರು ಪೆನ್ನುಗಳಲ್ಲಿ ಒಂದನ್ನು ಮುಂದೆ ಚಾಚಿದ. ಗುಮಾಸ್ತನಿಗೆ ಹೇಳಿ ಮೊದಲ ಕಾಗದ ಬರೆಸಲಾಯಿತು. ರೂಪಾಲಿ ಓದಿದಳು: "'ಮಂಜಿಷ್ಠದ ಗುಣಮಟ್ಟದಲ್ಲಿ ಗಣನೀಯ ಸುಧಾರಣೆ ಕಂಡುಬಂದಿದೆ.'"

"ಅಂದ್ರ ಮದಲ ಕೆಟ್ಟದ್ದಿತ್ತು ಅಂತ," ಎಂದಳು ದಿಲ್ಶಾದ್. "ಮುಂದ."

ಎರಡನೆಯ ಕಾಗದ ಬಂತು. "'ಕೆಲವು ತಾಂತ್ರಿಕ ಕಾರಣಗಳಿಂದ ಬಣ್ಣದಲ್ಲಿ ವ್ಯತ್ಯಯ ಉಂಟಾಗಿತ್ತು.'"

"ಇದ್ರಾಗ ನಾ ಎಲ್ಲಿ ಅದೀನಿ? ನನ್ನ ಬೇರು ಎಲ್ಲಿ ಅದ? ಮುಂದ."

ಹುಡುಗಿಯರಲ್ಲಿ ಯಾರೋ ಕಿಸಕ್ಕೆಂದರು. ಮಹಾರುದ್ರಪ್ಪನವರು ಗದರಲು ತಿರುಗಿದರು. ಹನ್ನೆರಡೂ ಮುಖಗಳು ಗಂಭೀರವಾಗಿದ್ದವು. ಅಡುಗೆಮನೆಯ ಬಾಗಿಲಲ್ಲಿ ಮಡೆಪ್ಪ ಸೌಟು ಹಿಡಿದು ನಿಂತಿದ್ದ. ಹೊತ್ತು ಏರುತ್ತಿತ್ತು. ಆ ಕೆಂಪಿಗೆ ಪೂರ್ತಿ ಒಂದು ಹಗಲು ಬೇಕು ಎನ್ನುವುದು ಈಗ ಅಧ್ಯಕ್ಷರಿಗೂ ತಿಳಿದಿತ್ತು.

ಮೂರನೆಯ ಕಾಗದದಲ್ಲಿ ತಪ್ಪನ್ನು ನೀರಿನ ಮೇಲೆ ಹಾಕಿದ್ದರು. ದಿಲ್ಶಾದ್ ಬೇಗಂ ಅದನ್ನೂ ಒಪ್ಪಲಿಲ್ಲ.

"ನೀರೇನು ಮಾಡ್ಯಾದ ಪಾಪ? ನೀರಿಗೆ ನೀವು ಮಾಡಿದ್ದು ಅದು. ಅಣ್ಣಾರ, ತಪ್ಪು ಅಂದ್ರ ಅದೂ ಒಂಥರಾ ಬಣ್ಣ ಇದ್ದಂಗ. ಯಾರ ಮ್ಯಾಲ ಕೂಡಬೇಕೋ ಅವರ ಮ್ಯಾಲ ಕೂಡ್ಲಿಲ್ಲ ಅಂದ್ರ ತೊಳೀತಾ ಹೋದಂಗ ಬಿಟ್ಟು ಹೋಗ್ತದ."

ಮಹಾರುದ್ರಪ್ಪನವರು ಪೆನ್ನನ್ನು ತಾವೇ ತೆಗೆದುಕೊಂಡರು. ಅಂಗಡಿಯಲ್ಲಿ ಇಪ್ಪತ್ತು ವರ್ಷ ಸಹಿಯನ್ನಷ್ಟೇ ಮಾಡಿ ರೂಢಿಯಾಗಿದ್ದ ಕೈಗೆ ಎರಡು ಸಾಲು ಬರೆಯಲು ಬಹಳ ಹೊತ್ತು ಹಿಡಿಯಿತು. ಬರೆದದ್ದನ್ನು ಯಾರ ಮುಖವನ್ನೂ ನೋಡದೆ ರೂಪಾಲಿಗೆ ಕೊಟ್ಟರು. ಆಕೆ ಶಾಲೆಯಲ್ಲಿ ಪಾಠ ಒಪ್ಪಿಸುವಂತೆ ಗಟ್ಟಿಯಾಗಿ ಓದಿದಳು:

"'ದಿಲ್ಶಾದ್ ಬೇಗಂ ತಂದ ಬೇರು ಸರಿಯಾಗಿಯೇ ಇತ್ತು. ನಾನು ತಿಳಿಯದೆ ಆಡಿದ ಮಾತು ತಪ್ಪು. ಮಹಾರುದ್ರಪ್ಪ.'"

"ಇನ್ನೊಂದು ಸಲ ಓದು."

ರೂಪಾಲಿ ಇನ್ನೊಂದು ಸಲ ಓದಿದಳು. ಕಾಗದವನ್ನು ಗೋಡೆಗೆ ಅಂಟಿಸಲು ಮಡೆಪ್ಪ ಗಂಜಿ ತಂದ. ದಿಲ್ಶಾದ್ ಬೇಗಂ ಎದ್ದು, ಅಕ್ಷರ ಬಾರದಿದ್ದರೂ ಅದರ ಮುಂದೆ ನಿಂತು, ಕೆಂಪು ಬೆರಳಿನಿಂದ ಸಾಲುಗಳನ್ನು ಒಂದೊಂದಾಗಿ ಮುಟ್ಟಿದಳು. ಹೆಸರು ಯಾವುದೆಂದು ಕೇಳಿ, ಅದರ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಇಟ್ಟಳು. ಆಮೇಲೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಲೆಯ ಕಡೆ ತಿರುಗಿದಳು.

"ಕಡ್ಡಿಪೆಟ್ಟಿಗಿ ಕೊಡ್ರಿ ಅಣ್ಣಾರ," ಎಂದಳು. "ನಿಂತಿದ್ದೀರಿ ಹೆಂಗೂ, ಉರಿ ನೀವೇ ಊದ್ರಿ."